ನಲವತ್ತು ಜಾಗ ತುಂಬಿದ ಕಥೆ: ಹಾಸನದ ಒಂದು ಗುತ್ತಿಗೆ ಏಜೆನ್ಸಿಯ ಪ್ರಕರಣ ಅಧ್ಯಯನ

2024ರ ಜೂನ್‌ನಲ್ಲಿ ಹಾಸನದ ಕೆಐಎಡಿಬಿ ಕೈಗಾರಿಕಾ ಪ್ರದೇಶದ ಒಂದು ಆಹಾರ ಪದಾರ್ಥ ಘಟಕಕ್ಕೆ ಪ್ಯಾಕಿಂಗ್ ವಿಭಾಗದಲ್ಲಿ 40 ಮಂದಿ ಬೇಕಾಗಿದ್ದರು. ಹಿಂದಿನ ಏಜೆಂಟ್ ಒಂದೂವರೆ ವರ್ಷದಿಂದ ಜನ ಕಳಿಸುತ್ತಲೇ ಇದ್ದ. ಬಂದವರಲ್ಲಿ ಹೆಚ್ಚಿನವರು ಒಂದೆರಡು ತಿಂಗಳಿಗೆ ಬಿಟ್ಟು ಹೋಗುತ್ತಿದ್ದರು, ಅವನು ಮತ್ತೆ ಹೊಸಬರನ್ನು ಕಳಿಸುತ್ತಿದ್ದ. ಗೇಟಿನ ಪಕ್ಕದ ‘ಕೆಲಸಕ್ಕೆ ಬೇಕಾಗಿದ್ದಾರೆ’ ಬ್ಯಾನರ್ ಬಿಸಿಲಿಗೆ ಬಣ್ಣಗೆಟ್ಟಿದ್ದರೂ ಯಾರೂ ಬಿಚ್ಚಿರಲಿಲ್ಲ. ಆ ಜಾಗಗಳನ್ನು ತುಂಬಿ, ತುಂಬಿದವರನ್ನು ಉಳಿಸಿಕೊಂಡವರು ಹಳೇ ಬಸ್ ನಿಲ್ದಾಣದ ಹತ್ತಿರ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಏಜೆನ್ಸಿ ನಡೆಸುವ ಒಬ್ಬ ಹೆಣ್ಣುಮಗಳು. ಮೊದಲು ಗಾರ್ಮೆಂಟ್ಸ್ ಒಂದರ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದವರು. 2022ರಲ್ಲಿ ಸ್ವಂತ ಏಜೆನ್ಸಿ ತೆಗೆದರು.

ಇಂಥ ಸಣ್ಣ ಏಜೆನ್ಸಿಗಳ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಜಿಎಸ್‌ಟಿ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಎಲ್ಲರೂ ಅವರನ್ನು ಕರೆಯುವ ಹಾಗೆ ನಾನೂ ಮೇಡಂ ಅಂತಲೇ ಬರೆಯುತ್ತೇನೆ.

ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಕಡೆ ಲೇಬರ್ ಏಜೆಂಟ್ ಅಂದರೆ ಜನ ಮೂಗು ಮುರಿಯುತ್ತಾರೆ, ಬಹಳ ಸಲ ಅದಕ್ಕೆ ಸರಿಯಾದ ಕಾರಣವೂ ಇರುತ್ತದೆ. ಆದರೆ ಎಲ್ಲ ಏಜೆಂಟರ ಸಂಪಾದನೆ ಒಂದೇ ಕಡೆಯಿಂದ ಬರುವುದಿಲ್ಲ. ಕೆಲಸ ಕೇಳಿಕೊಂಡು ಬಂದವರ ಹತ್ತಿರ ದುಡ್ಡು ಇಸಿದುಕೊಳ್ಳುವ ಏಜೆಂಟಿಗೆ ಜಾಗ ಪದೇ ಪದೇ ಖಾಲಿಯಾದರೆ ಲಾಭ. ಕಂಪನಿಯಿಂದ ತಿಂಗಳ ಸರ್ವಿಸ್ ಚಾರ್ಜ್ ಮಾತ್ರ ತೆಗೆದುಕೊಳ್ಳುವವರಿಗೆ ಜನ ನಿಂತರೆ ಲಾಭ. ಮಿಕ್ಕಿದ್ದೆಲ್ಲ ಇದರ ಮೇಲೆಯೇ ನಿಂತಿದೆ ಎನ್ನುವುದು ಈ ಕಡತಗಳನ್ನು ನೋಡುತ್ತ ನನಗೆ ಗಟ್ಟಿಯಾದ ಮಾತು.

ಕಂಪನಿ ಸಿಕ್ಕಿದ ಬಗೆ

ಹೊಸದಾಗಿ ಏಜೆನ್ಸಿ ತೆರೆದವರು ಕಲರ್ ಪ್ರಿಂಟಿನ ಕಂಪನಿ ಪ್ರೊಫೈಲ್ ಹಿಡಿದು ಒಂದೊಂದೇ ಗೇಟ್ ಸುತ್ತುತ್ತಾರೆ. ಫೈಲು ಸೆಕ್ಯುರಿಟಿಯವರ ಮೇಜಿನ ಡ್ರಾಯರ್ ದಾಟುವುದಿಲ್ಲ. ಸ್ವಲ್ಪ ಪಳಗಿದವರು ಬೇರೆ ದಾರಿ ಹಿಡಿಯುತ್ತಾರೆ. 15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಒಪ್ಪಿಗೆ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ. ಆ ಸಭೆಯ ಸುದ್ದಿ ಪೇಪರಿನಲ್ಲಿ ಬಂದ ದಿನವೇ ಬರೆದಿಟ್ಟುಕೊಂಡರೆ, ಶೆಡ್ ಏಳುವ ಹೊತ್ತಿಗೆ, ಹೆಚ್‌ಆರ್ ನೇಮಕ ಆಗುವ ಮೊದಲೇ ಮಾಲೀಕರನ್ನು ಕಾಣಬಹುದು. ಆಡಿಟರುಗಳಿಗೆ ಯಾವ ಕಂಪನಿ ಬೆಳೆಯುತ್ತಿದೆ ಅಂತ ಗೊತ್ತಿರುತ್ತದೆ. ಒಂದು ಫ್ಯಾಕ್ಟರಿಯ ಸೂಪರ್‌ವೈಸರ್ ಇನ್ನೊಂದಕ್ಕೆ ಹೋದರೆ ತನಗೆ ಗೊತ್ತಿದ್ದ ಏಜೆಂಟನ್ನೂ ಕರೆಸಿಕೊಳ್ಳುತ್ತಾನೆ. ಈ ಧಂಧೆಯಲ್ಲಿ ಅರ್ಧಕ್ಕರ್ಧ ಗಿರಾಕಿ ಬರುವುದು ಹೀಗೆಯೇ ಇರಬೇಕು. ಸರ್ಕಾರಿ ಹೊರಗುತ್ತಿಗೆ ಟೆಂಡರ್ ಬೇರೆಯೇ ಲೋಕ, ಅದರ ತಂಟೆ ಇಲ್ಲಿ ಬೇಡ.

ಮೇಡಂಗೆ ಈ ಕಂಪನಿಯ ಸುಳಿವು ಕೊಟ್ಟದ್ದು ಒಬ್ಬ ಟಿಟಿ (ಟೆಂಪೋ ಟ್ರಾವೆಲರ್) ಡ್ರೈವರ್. ಬಸ್ ನಿಲ್ದಾಣದಿಂದ ಫ್ಯಾಕ್ಟರಿಗೆ ಶಿಫ್ಟಿನವರನ್ನು ಸಾಗಿಸುವವರು. “ಮೊದ್ಲು ಸೀಟ್ ಸಾಲ್ತಿರ್ಲಿಲ್ಲ ಮೇಡಂ, ಈಗ ರಾತ್ರಿ ಟ್ರಿಪ್‌ನಲ್ಲಿ ಆರೋ ಏಳೋ ಜನ” ಅಂದರಂತೆ. ಟೈಮ್ ಆಫೀಸಿನಲ್ಲಿ ಕೂತು ಬಂದವರಿಗೆ ಅಷ್ಟು ಸಾಕು. ಎರಡನೇ ಶಿಫ್ಟಿನ ಜನ ಕರಗುತ್ತಿದ್ದಾರೆ, ಕಂಪನಿ ಕಷ್ಟದಲ್ಲಿದೆ ಅಂತ ಗೊತ್ತಾಯಿತು.

ಬೇರೆಯವರಾಗಿದ್ದರೆ ಮಾರನೇ ದಿನವೇ ಕೊಟೇಶನ್ ಹಿಡಿದು ಹೋಗುತ್ತಿದ್ದರು. ಇವರು ಮೊದಲು ಕೆಲಸ ಬಿಟ್ಟವರ ಮನೆಗೆ ಹೋದರು. ಆ ಡ್ರೈವರ್ ಮೂಲಕವೇ ನಾಲ್ಕು ಜನ ಹೆಂಗಸರು ಸಿಕ್ಕರು. ಯಾಕೆ ಬಿಟ್ಟಿರಿ ಅಂತ ಕೇಳಿದರೆ, ಕೆಲಸ ಕಷ್ಟ ಅಂತ ಒಬ್ಬರೂ ಹೇಳಲಿಲ್ಲ. ಶಿಫ್ಟ್ ಬಿಡುವುದು ರಾತ್ರಿ ಹತ್ತಕ್ಕೆ, ಗಾಡಿ ಇಳಿಸುವುದು ಮೇನ್ ರೋಡಿನಲ್ಲಿ, ಅಲ್ಲಿಂದ ಊರೊಳಕ್ಕೆ ಕತ್ತಲಲ್ಲಿ ನಡೆಯಬೇಕು. ಸೇರುವಾಗ 3,000 ಕೊಟ್ಟಿದ್ದರು. ಮೊದಲ ತಿಂಗಳ ಸಂಬಳದಲ್ಲಿ ಹತ್ತು ದಿನದ್ದನ್ನು ‘ಹೋಲ್ಡ್’ ಅಂತ ಹಿಡಿದಿದ್ದರು, ಬಿಡುವಾಗ ಕೊಡಲಿಲ್ಲ. ಅವರಲ್ಲಿ ಒಬ್ಬರ ಮಗ ಮೊಬೈಲಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ತೋರಿಸಿದ. ಸಂಬಳದ ಚೀಟಿಯಲ್ಲಿ ಏಳು ತಿಂಗಳು ಪಿಎಫ್ ಮುರಿದಿತ್ತು, ಪಾಸ್‌ಬುಕ್ಕಿನಲ್ಲಿ ಜಮಾ ಆಗಿದ್ದು ಎರಡು ತಿಂಗಳದ್ದು.

ಈ ಕೊನೆಯ ಸಂಗತಿ ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಕಂಪನಿ ಆ ದುಡ್ಡನ್ನು ಬಿಲ್ಲಿನಲ್ಲಿ ಕೊಟ್ಟಾಗಿದೆ, ಹೆಂಗಸಿನ ಸಂಬಳದಿಂದಲೂ ಮುರಿದಾಗಿದೆ, ಎರಡೂ ಪಾಲು ನಡುವೆ ನಿಂತವನ ಜೇಬಿಗೆ. ಇದು ಕಾಗದದ ತಪ್ಪಲ್ಲ, ಕಳ್ಳತನ.

ಈ ನಾಲ್ಕು ಜನ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮೇಡಂ ಫ್ಯಾಕ್ಟರಿಗೆ ಹೋದರು. ಹೆಚ್‌ಆರ್ ಸಿಗಲಿಲ್ಲ. ಕ್ಯಾಂಟೀನ್ ನಡೆಸುವವರ ಪರಿಚಯದಿಂದ ಪ್ರೊಡಕ್ಷನ್ ಮ್ಯಾನೇಜರ್ ಹತ್ತು ನಿಮಿಷ ಕೊಟ್ಟರು. ನಮ್ಮ ಏಜೆನ್ಸಿ ಹಾಗೆ, ಹೀಗೆ ಅಂತ ಏನೂ ಹೇಳದೆ, “ಸಾರ್, ನಿಮ್ಮಲ್ಲಿ ಬಿಟ್ಟೋದೋರು ಇದಕ್ಕೆ ಬಿಟ್ಟೋಗಿದಾರೆ” ಅಂತ ಹಾಳೆ ಮುಂದಿಟ್ಟರು. ಪಿಎಫ್ ಸಾಲು ಓದಿ ಮ್ಯಾನೇಜರ್ ಹೆಚ್‌ಆರ್ ಅನ್ನು ಕರೆಸಿದರು.

ಕರೆಸಲೇಬೇಕಿತ್ತು. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯೇ, ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತಿತ್ತು. ಪಿಎಫ್ ವಿಚಾರದಲ್ಲೂ ಹಾಗೆಯೇ: ಗುತ್ತಿಗೆದಾರ ಕಟ್ಟದೆ ಹೋದರೆ ಇಲಾಖೆ ಕಂಪನಿಯ ಬಾಗಿಲು ತಟ್ಟುತ್ತದೆ. ಒಂದು ಸಲ ಬಿಲ್ಲಿನಲ್ಲಿ ಕೊಟ್ಟ ದುಡ್ಡನ್ನೇ ಎರಡನೇ ಸಲ ಕಟ್ಟಬೇಕಾಗುತ್ತದೆ. ಅಗ್ಗದ ಏಜೆಂಟ್ ಎಷ್ಟು ದುಬಾರಿ ಎನ್ನುವುದು ಆ ಮೇಜಿನ ಮೇಲೆ ಕಾಣುತ್ತಿತ್ತು.

ದರದ ಮಾತು

ಆದರೂ ದರಕ್ಕೆ ಬಂದಾಗ ಹೆಚ್‌ಆರ್ ಹಳೇ ರಾಗವನ್ನೇ ತೆಗೆದರು: “ಬೇರೆಯವರು ನಾಲ್ಕು ಪರ್ಸೆಂಟಿಗೆ ಮಾಡ್ತೀವಿ ಅಂತಾರೆ, ನೀವು ಎಂಟು ಅಂತೀರಲ್ಲ?”

ಆ ದಿನದ ಲೆಕ್ಕದ ಹಾಳೆ ನನ್ನ ಕಡತದಲ್ಲಿದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಲೆಗೆ 14,000. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಶೇ 12, ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ 13, ಅಂದರೆ 1,820. ಇಎಸ್‌ಐ ಶೇ 3.25ರಂತೆ 455. ಬೋನಸ್ಸಿಗೆ ಶೇ 8.33ರಂತೆ ಎತ್ತಿಡುವುದು 1,166. ಒಟ್ಟು 17,441. ಏಜೆನ್ಸಿಯ ಸರ್ವಿಸ್ ಚಾರ್ಜ್ ಲೆಕ್ಕ ಹಾಕುವುದು ಇದರ ಮೇಲೆ. ಎಲ್ಲ ಸೇರಿದ ಮೊತ್ತಕ್ಕೆ ಜಿಎಸ್‌ಟಿ ಶೇ 18.

ಮೇಡಂ ಹೆಚ್‌ಆರ್ ಮುಂದೆಯೇ ಕ್ಯಾಲ್ಕುಲೇಟರ್ ಒತ್ತಿದರು. ನಾಲ್ಕು ಪರ್ಸೆಂಟ್ ಅಂದರೆ ತಲೆಗೆ ತಿಂಗಳಿಗೆ 698 ರೂಪಾಯಿ. ಅದರಲ್ಲಿ ಫ್ಯಾಕ್ಟರಿಯಲ್ಲಿ ನಿಲ್ಲುವ ಸೂಪರ್‌ವೈಸರ್ ಸಂಬಳ, ಆಫೀಸ್ ಬಾಡಿಗೆ, ಓಡಾಟ, ಸಾಲದ ಬಡ್ಡಿ ಎಲ್ಲ ಹೋಗಬೇಕು. ಹೋಗುವುದಿಲ್ಲ. ಹಾಗಾದರೆ ನಾಲ್ಕು ಪರ್ಸೆಂಟಿನವನು ಬದುಕುವುದು ಹೇಗೆ? ಸೇರುವವರ ಹತ್ತಿರ 3,000 ತೆಗೆದುಕೊಂಡರೆ ನಾಲ್ಕು ತಿಂಗಳಿಗೂ ಮೀರಿದ ಕಮಿಷನ್ ಒಂದೇ ದಿನ ಕೈಗೆ ಬಂತು. ಆ ಹೆಂಗಸು ಎರಡು ತಿಂಗಳಿಗೆ ಬಿಟ್ಟು ಹೋದರೆ ಇನ್ನೊಬ್ಬರಿಂದ ಇನ್ನೊಂದು 3,000. ಫ್ಯಾಕ್ಟರಿ ಮಾತ್ರ ಪ್ರತಿ ಸಲ ಹೊಸಬರಿಗೆ ತೂಕ, ಸೀಲಿಂಗ್, ಶುಚಿತ್ವ ಎಲ್ಲ ಮೊದಲಿಂದ ಕಲಿಸುತ್ತ ಕೂರಬೇಕು.

ಹೆಚ್‌ಆರ್ ಜಿಎಸ್‌ಟಿ ಸೇರಿಸಿ “ತಲೆಗೆ ಇಪ್ಪತ್ತೆರಡು ಸಾವಿರ ದಾಟ್ತು” ಅಂದಾಗ, ಆ ಜಿಎಸ್‌ಟಿಯನ್ನು ಕಂಪನಿ ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ, ಅದು ಖರ್ಚಲ್ಲ ಅಂತ ಅಕೌಂಟ್ಸ್‌ನವರೇ ಬಾಯಿ ಹಾಕಿದರು. ಕೊನೆಗೆ ಏಳು ಪರ್ಸೆಂಟಿಗೆ ಮುಗಿಯಿತು. ತಲೆಗೆ 1,221, ನಲವತ್ತು ಜನಕ್ಕೆ ತಿಂಗಳಿಗೆ ಹತ್ತಿರ ಹತ್ತಿರ 49,000.

ದರಕ್ಕಿಂತ ಗಟ್ಟಿಯಾಗಿ ಮೇಡಂ ಜಗ್ಗಾಡಿದ್ದು ದುಡ್ಡು ಬರುವ ದಿನಕ್ಕಾಗಿ. ಕಂಪನಿಯ ನಿಯಮ, ಬಿಲ್ ಕೊಟ್ಟ 45 ದಿನಕ್ಕೆ ಪೇಮೆಂಟ್. ಆದರೆ ಸಂಬಳ ಏಳನೇ ತಾರೀಕಿನೊಳಗೆ ಆಗಬೇಕು. ಪಿಎಫ್, ಇಎಸ್‌ಐ 15ರೊಳಗೆ. ಜಿಎಸ್‌ಟಿ 20ಕ್ಕೆ, ಕಂಪನಿ ದುಡ್ಡು ಕೊಟ್ಟಿರಲಿ ಬಿಡಲಿ. ನಾನೇ ಕೂತು ಲೆಕ್ಕ ಹಾಕಿಕೊಟ್ಟೆ: ನಲವತ್ತು ಜನ ಪೂರ್ತಿ ತುಂಬಿದರೆ, ಕಂಪನಿಯ ಮೊದಲ ರೂಪಾಯಿ ಬರುವಷ್ಟರಲ್ಲಿ ಇವರ ಕೈಯಿಂದ 14 ಲಕ್ಷಕ್ಕೂ ಹೆಚ್ಚು ಹೋಗಿರುತ್ತದೆ. ಸಣ್ಣ ಏಜೆನ್ಸಿಗಳು ಸಾಯುವುದು ಇಲ್ಲಿಯೇ. ಆರ್ಡರ್ ಸಿಕ್ಕ ಖುಷಿಯಲ್ಲಿ ಸಹಿ ಹಾಕಿ, ಎರಡನೇ ತಿಂಗಳು ಸಂಬಳಕ್ಕೆ ಮೀಟರ್ ಬಡ್ಡಿ ಸಾಲ ತಂದು, ಮೂರನೇ ತಿಂಗಳು ಪಿಎಫ್ ನಿಲ್ಲಿಸಿಬಿಡುತ್ತಾರೆ. ಹಿಂದಿನ ಏಜೆಂಟನೂ ಮೊದಲ ದಿನದಿಂದಲೇ ಕಳ್ಳನಾಗಿ ಬಂದಿದ್ದನೋ ಇಲ್ಲವೋ ಯಾರು ಬಲ್ಲರು, ಈ 45 ದಿನ ಅವನನ್ನು ಆ ದಾರಿಗೆ ತಳ್ಳಲು ಸಾಕಾಗಿತ್ತು.

ಮೇಡಂ ಕೇಳಿದ್ದು ತಿಂಗಳಿಗೆ ಎರಡು ಬಿಲ್. ಒಂದರಿಂದ ಹದಿನೈದರ ಹಾಜರಿಗೆ 16ನೇ ತಾರೀಕು ಒಂದು, ಉಳಿದರ್ಧಕ್ಕೆ ಒಂದನೇ ತಾರೀಕು ಇನ್ನೊಂದು, ಪ್ರತಿ ಬಿಲ್ಲಿಗೂ 15 ದಿನ ಗಡುವು. ಮೊದಲರ್ಧದ ದುಡ್ಡು ತಿಂಗಳ ಆರಂಭಕ್ಕೆ ಬಂದರೆ ಏಳಕ್ಕೆ ಸಂಬಳ ಮಾಡಬಹುದು. 14 ಲಕ್ಷ ಬೇಕಾಗಿದ್ದಲ್ಲಿ ಎರಡು ಎರಡೂವರೆ ಲಕ್ಷಕ್ಕೆ ಕೆಲಸ ನಡೆಯುತ್ತದೆ. ಕಂಪನಿ ಒಪ್ಪಿತು. ಅದಕ್ಕೆ ಪ್ರತಿಯಾಗಿ, ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಮತ್ತು ಹೆಸರಿನ ಪಟ್ಟಿ ಲಗತ್ತಿಸದೆ ಬಿಲ್ ಪಾಸಾಗುವುದಿಲ್ಲ ಅಂತ ಅವರೂ ಷರತ್ತು ಹಾಕಿದರು. ಎಲ್ಲ ಕಂಪನಿಗಳೂ ಹಾಕಬೇಕಾದ ಷರತ್ತು ಅದು. ಎರಡೂವರೆ ಲಕ್ಷಕ್ಕೆ ಮೇಡಂ ಒಡವೆ ಅಡವಿಟ್ಟರು. ಇವರು ನಮ್ಮ ಗುತ್ತಿಗೆದಾರರು ಅಂತ ಕಂಪನಿ ಬರೆದುಕೊಡುವ ಫಾರಂ ಐದು ಪಡೆದು ಕಾರ್ಮಿಕ ಇಲಾಖೆಯ ಗುತ್ತಿಗೆ ಲೈಸೆನ್ಸ್ ಮಾಡಿಸಿದೆವು. ಆಗ 20 ಅಥವಾ ಹೆಚ್ಚು ಜನ ಇದ್ದರೆ ಅದು ಬೇಕಿತ್ತು.

ಜನ ಎಲ್ಲಿಂದ ಬಂದರು

ಮೊದಲು ಉದ್ಯೋಗ ಮೇಳ. ರಾಶಿ ಹೆಸರು ಸಿಕ್ಕವು. ಫೋನ್ ಮಾಡಿದರೆ ಅರ್ಧ ಜನ ಡಿಗ್ರಿ ಮುಗಿಸಿದವರು, ಬೆಂಗಳೂರಿಗೆ ಕಣ್ಣಿಟ್ಟವರು. ವಾಟ್ಸಾಪ್ ಸ್ಟೇಟಸ್ಸಿನಿಂದ ಹಾಸನ ಟೌನಿನವರು ಕೆಲವರು ಬಂದರು. ನಿಜವಾಗಿ ಕೈ ಹಿಡಿದದ್ದು ಹಳ್ಳಿಯ ಹಾಲಿನ ಡೈರಿ.

ಹಾಸನದ ಸುತ್ತಮುತ್ತ ಊರೂರಿಗೂ ಡೈರಿ ಇದೆ. ಬೆಳಿಗ್ಗೆ ಆರೂವರೆ ಏಳಕ್ಕೆ ಕ್ಯಾನು ಹಿಡಿದು ಹೆಂಗಸರು ಸಾಲು ನಿಲ್ಲುತ್ತಾರೆ. ಯಾವ ಮನೆಯಲ್ಲಿ ಮಗಳು ಪಿಯುಸಿ ಮುಗಿಸಿ ಕೂತಿದ್ದಾಳೆ, ಯಾವ ಮನೆಯಲ್ಲಿ ಸಂಘದ ಸಾಲದ ಕಂತು ಕಟ್ಟಲು ಪರದಾಡುತ್ತಿದ್ದಾರೆ, ಎಲ್ಲ ಡೈರಿ ಕಾರ್ಯದರ್ಶಿಗೆ ಗೊತ್ತು. ಮೇಡಂ ದುದ್ದ, ಶಾಂತಿಗ್ರಾಮ, ಆಲೂರು ಕಡೆಯ ಡೈರಿಗಳ ಮುಂದೆ ನಿಂತು, ಹಾಲು ಅಳೆಸಿ ವಾಪಸ್ ಹೊರಟವರ ಜೊತೆ ಹೆಜ್ಜೆ ಹಾಕುತ್ತ ಮಾತಾಡಿದರು. ಅವರ ಕರಪತ್ರದಲ್ಲಿ ಎರಡೇ ಸಾಲು ದಪ್ಪಕ್ಷರದಲ್ಲಿದ್ದವು: “ಕೈಗೆ 12,200. ಪಿಎಫ್, ಇಎಸ್‌ಐ ಕಟ್ಟುತ್ತೇವೆ. ಸೇರಲು ಯಾರಿಗೂ ಹಣ ಕೊಡಬೇಡಿ.”

14,000 ಅಂತ ಹಾಕಬಹುದಿತ್ತು, ಸುಳ್ಳೂ ಆಗುತ್ತಿರಲಿಲ್ಲ. ಆದರೆ ಪಿಎಫ್ 1,680, ಇಎಸ್‌ಐ 105 ಮುರಿದ ಮೇಲೆ ಕೈಗೆ ಬರುವುದು 12,215. ಮೊದಲ ಸಂಬಳದ ದಿನ “ಹದಿನಾಲ್ಕು ಅಂದಿದ್ರಿ” ಅಂತ ಜಗಳ ಶುರುವಾದರೆ ಅರ್ಧ ಜನ ಅವತ್ತೇ ಬಿಡುತ್ತಾರೆ ಅಂತ ಟೈಮ್ ಆಫೀಸಿನ ಅನುಭವ ಹೇಳಿಕೊಟ್ಟಿತ್ತು.

ಹಣ ಬೇಡ ಅಂದಿದ್ದಕ್ಕೇ ಅನುಮಾನ ಹುಟ್ಟಿತು! “ದುಡ್ಡು ತಗಳ್ದೆ ಯಾರವ್ವ ಕೆಲ್ಸ ಕೊಡ್ತಾರೆ? ಏನೋ ಐತೆ ಒಳಗೆ” ಅಂತ ಒಬ್ಬ ಅಜ್ಜಿ ಮುಖಕ್ಕೇ ಅಂದರು. ಸೊಸೆಯರು ಒಪ್ಪಿದರೂ ಅತ್ತೆಯರು ಒಪ್ಪುತ್ತಿರಲಿಲ್ಲ. ಮೇಡಂ ಒಂದು ಉಪಾಯ ಮಾಡಿದರು. ಕೆಲಸಕ್ಕೆ ಬರುವವರ ಜೊತೆ ಮನೆಯ ಹಿರಿಯ ಹೆಂಗಸರನ್ನೂ ಫ್ಯಾಕ್ಟರಿ ನೋಡಲು ಕರೆದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಫ್ರೀ, ಹಾಗಾಗಿ ಬರಲು ಕಾಸು ಖರ್ಚಿರಲಿಲ್ಲ. ಹತ್ತು ಹನ್ನೆರಡು ಜನ ಅತ್ತೆಯರು, ತಾಯಂದಿರು ಸೆರಗು ಹೊದ್ದು ಗೇಟಿನ ಒಳಗೆ ಬಂದರು. ಮೆಷೀನು ನೋಡಿದ್ದು ಕಡಿಮೆ. ಕಕ್ಕಸಿನ ಬಾಗಿಲಿಗೆ ಚಿಲಕ ಇದೆಯೇ, ನೀರು ಬರುತ್ತದೆಯೇ, ಊಟಕ್ಕೆ ಕೂರಲು ಜಾಗ ಎಲ್ಲಿ, ಗಂಡಸರು ಯಾವ ಕಡೆ ಕೆಲಸ ಮಾಡುತ್ತಾರೆ, ಇದನ್ನೆಲ್ಲ ನೋಡಿದರು. ಒಂದು ಬಾಗಿಲಿಗೆ ಚಿಲಕ ಇರಲಿಲ್ಲ. ಅವರ ಮುಂದೆಯೇ ಮ್ಯಾನೇಜರ್ ಮೆಂಟೆನೆನ್ಸ್‌ನವರನ್ನು ಕರೆದು ಹಾಕಿಸಿದರು. ಅವತ್ತು ಬಂದಿದ್ದ ಮನೆಗಳ ಹೆಣ್ಣುಮಕ್ಕಳು ಹೆಚ್ಚು ಕಡಿಮೆ ಎಲ್ಲರೂ ಸೇರಿದರು. ಆ ಚಿಲಕದ ಮುಂದೆ ಯಾವ ಜಾಹೀರಾತೂ ಇಲ್ಲ.

ಇನ್ನೊಂದು ಗಂಟು ಹಸು. ಮೊದಲ ಶಿಫ್ಟ್ ಆರು ಗಂಟೆಗೆ. ಡೈರಿಗೆ ಹಾಲು ಹಾಕುವ ಹೆಂಗಸು ಆರಕ್ಕೆ ಫ್ಯಾಕ್ಟರಿಯಲ್ಲಿ ಇರಲು ಸಾಧ್ಯವೇ ಇಲ್ಲ. ಎರಡನೇ ಶಿಫ್ಟಿಗೆ ಹೋದರೆ ಸಂಜೆ ಹಾಲು ಕರೆಯುವವರಿಲ್ಲ. ಜನ ಸಿಗುತ್ತಿಲ್ಲ ಅಂತ ಕಂಪನಿ ಗೋಳಾಡುತ್ತಿದ್ದರೆ, ಊರಲ್ಲಿ ಕೆಲಸಕ್ಕೆ ತಯಾರಿದ್ದವರು ಶಿಫ್ಟ್ ಹೊಂದದೆ ಮನೆಯಲ್ಲಿದ್ದರು. ಮೇಡಂ ಇದನ್ನು ಮ್ಯಾನೇಜರ್ ಮುಂದಿಟ್ಟು, 40ರಲ್ಲಿ 24 ಜಾಗವನ್ನು ಒಂಬತ್ತರಿಂದ ಐದೂವರೆಯ ಜನರಲ್ ಶಿಫ್ಟಿಗೆ ಬದಲಾಯಿಸಿಕೊಂಡರು. ರಾತ್ರಿ ಹತ್ತಕ್ಕೆ ಬಿಡುವ ಶಿಫ್ಟಿನವರನ್ನು ಗಾಡಿ ಊರೊಳಗೇ ಇಳಿಸಬೇಕು ಅಂತ ಕರಾರಿನಲ್ಲಿ ಬರೆಸಿದರು. ಏಜೆಂಟರ ಕೆಲಸ ಅಂದರೆ ಕಂಪನಿ ಹೇಳಿದ ಅಳತೆಗೆ ಜನ ಹುಡುಕುವುದು ಅಂತ ಅಂದುಕೊಂಡವರು ಈ ಒಂದು ಬದಲಾವಣೆಯನ್ನು ಗಮನಿಸಬೇಕು. ಮಿಕ್ಕ ಯಾವ ಉಪಾಯಕ್ಕಿಂತ ಹೆಚ್ಚು ಜಾಗ ತುಂಬಿದ್ದು ಇದರಿಂದ.

ಪರಿಚಯದವರನ್ನು ಕರೆತಂದವರಿಗೆ ದುಡ್ಡು ಇತ್ತು, ಆದರೆ ಸೇರಿದ ದಿನ ಅಲ್ಲ. ಹಾಗೆ ಹೊಸದಾಗಿ ಬಂದವರು ಮೊದಲ ಸಂಬಳ ತೆಗೆದುಕೊಂಡ ಮೇಲೆ 300, ಮೂರನೇ ಸಂಬಳದ ಮೇಲೆ 700. ಕರೆತಂದ ಅಕ್ಕನೇ ಬೆಳಿಗ್ಗೆ ಫೋನ್ ಮಾಡಿ “ಯಾಕೆ ಬಂದಿಲ್ಲ ಇವತ್ತು?” ಅಂತ ವಿಚಾರಿಸುವಂತಾಯಿತು.

ಜುಲೈ ಮೊದಲ ವಾರ 26 ಜನ ಸೇರಿದರು. ದಾಖಲೆ ಹೊಂದಿಸುವುದೇ ದೊಡ್ಡ ತಲೆನೋವು. ಒಬ್ಬ ಹೆಣ್ಣುಮಗಳ ಆಧಾರಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು, ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ, ಹುಟ್ಟಿದ ದಿನ ಎಲ್ಲ ಕಡೆ ಜನವರಿ 1 ಆದರೆ ಇಸವಿ ಬೇರೆ ಬೇರೆ. ಹಿಂದೆ ಗಾರ್ಮೆಂಟ್ಸಿಗೆ ಹೋಗಿದ್ದಾಗ ಇನ್ನೊಂದು ಹೆಸರಿನಲ್ಲಿ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಆಗಿತ್ತು. ಹೊಸ ಯುಎಎನ್ ಮಾಡಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಮಾಡಿದರೆ ಹಳೇ ದುಡ್ಡು ಅಲ್ಲೇ ಕೊಳೆಯುತ್ತದೆ, ಪಿಂಚಣಿಯ ಸೇವಾ ವರ್ಷವೂ ತುಂಡಾಗುತ್ತದೆ. ಕೆಲಸಗಾರರು, ಮಾಲೀಕರು ಸೇರಿ ಕೊಡುವ ಜಂಟಿ ಘೋಷಣೆ ಹಾಕಿ ಹಳೆಯದನ್ನೇ ಸರಿಪಡಿಸಿದೆವು. ತಡವಾಯಿತು, ಆದರೆ ಅವರ ಹಳೇ ದುಡ್ಡು ಉಳಿಯಿತು.

ಪಿಎಫ್ ಬೇಡ ಅಂತ ಹಟ ಹಿಡಿದವರೂ ಇದ್ದರು. “ಪಿಎಫ್ ಹಾಕಿದ್ರೆ ಬಿಪಿಎಲ್ ಕಾರ್ಡ್ ಹೋಯ್ತದೆ, ಕೈಗೇ ಕೊಟ್ಬುಡಿ.” ಇದು ಬರೀ ಪುಕಾರಲ್ಲ. ವರ್ಷಕ್ಕೆ 1.20 ಲಕ್ಷ ಆದಾಯದ ಮಿತಿ ಹಿಡಿದು ನೋಡಿದರೆ ತಿಂಗಳಿಗೆ 14,000 ದುಡಿಯುವ ಒಬ್ಬ ಹೆಂಗಸಿನ ಮನೆಯೇ ಮಿತಿ ದಾಟುತ್ತದೆ. ಪ್ಯಾಕಿಂಗ್ ಕೆಲಸದ ಸಂಬಳಕ್ಕೆ ಅಕ್ಕಿ ಕಿತ್ತುಕೊಳ್ಳುವಷ್ಟು ಕೆಳಗೆ ಆ ಮಿತಿ ನಿಂತಿರುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೆ ಈ ಸಂಬಳಕ್ಕೆ ಪಿಎಫ್ ಕಡ್ಡಾಯ, ಬಿಡಲು ಬರುವುದಿಲ್ಲ. ಮೇಡಂ ಸುಳ್ಳು ಧೈರ್ಯ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, ಮನೆಯವರ ಚಿಕಿತ್ಸೆಗೆ ಇಎಸ್‌ಐ, ಹೆರಿಗೆಗೆ 26 ವಾರ ಸಂಬಳ ಇರುವುದನ್ನು ವಿವರಿಸಿದರು. ಇಬ್ಬರು ಎದ್ದು ಹೋದರು.

ತಿಂಗಳ ಕೊನೆಗೆ 26ರಲ್ಲಿ 9 ಮಂದಿ ಬಿಟ್ಟಿದ್ದರು. ಹೆಚ್ಚಿನವರು ಆರು ಗಂಟೆ ಶಿಫ್ಟಿನವರು. ಆಗಸ್ಟ್ 6ಕ್ಕೆ ಮೊದಲ ಸಂಬಳ ಖಾತೆಗೆ ಬಿತ್ತು. ಹೋಲ್ಡ್ ಇಲ್ಲ. ಬಿಟ್ಟು ಹೋದ 9 ಜನರಿಗೂ ಅವರು ದುಡಿದಷ್ಟು ದಿನದ್ದು ಅದೇ ದಿನ ಬಿತ್ತು. ಮಾರನೇ ವಾರ ಬಿಟ್ಟವರಲ್ಲಿ ಮೂವರು ತಾವಾಗಿ ಫೋನ್ ಮಾಡಿ ಜನರಲ್ ಶಿಫ್ಟ್ ಇದ್ದರೆ ಬರುತ್ತೇವೆ ಅಂದರು. ಪಿಎಫ್ ಜಮಾ ಆದ ಮೇಲೆ ಪ್ರತಿಯೊಬ್ಬರ ಮೊಬೈಲಿನಲ್ಲೂ ಪಾಸ್‌ಬುಕ್ ತೆರೆದು ತೋರಿಸುವುದನ್ನು ಸೂಪರ್‌ವೈಸರ್ ಹುಡುಗಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಸೆಪ್ಟೆಂಬರ್ ಹೊತ್ತಿಗೆ 37 ಜನ.

ಕಾಫಿ ಕೊಯ್ಲು, ಲೋಡಿಂಗ್ ಹುಡುಗರು

ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ, ದೀಪಾವಳಿಯ ಸುತ್ತ ಹಾಜರಿ ಕುಸಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೆ ಐದಾರು ಬದಲಿ ಜನರ ಪಟ್ಟಿ ಇಟ್ಟುಕೊಂಡಿದ್ದರು. ನಿಜವಾದ ಹೊಡೆತ ಬಿದ್ದದ್ದು ಡಿಸೆಂಬರಿನಲ್ಲಿ. ಆಲೂರು, ಸಕಲೇಶಪುರ, ಬೇಲೂರು ಕಡೆ ಕಾಫಿ ಕೊಯ್ಲು. ಕಿಲೋ ಲೆಕ್ಕದಲ್ಲಿ ಹಣ್ಣು ಕಿತ್ತರೆ ಗಂಡ ಹೆಂಡತಿ ಸೇರಿ ಎರಡು ತಿಂಗಳಲ್ಲಿ ದುಡಿಯುವುದು ಫ್ಯಾಕ್ಟರಿ ಸಂಬಳ ಮೀರಿಸುತ್ತದೆ. ಆ ವರ್ಷ ಕಾಫಿಗೆ ಬೆಲೆಯೂ ಇತ್ತು, ತೋಟದವರು ಕೈ ಬಿಚ್ಚಿ ಕೊಡುತ್ತಿದ್ದರು. 11 ಜನ ಹೋದರು.

ಮೇಡಂ ಹೋಗುವವರನ್ನು ಹಿಡಿದು ನಿಲ್ಲಿಸಲು ಹೋಗಲಿಲ್ಲ. ನವೆಂಬರಿನಲ್ಲೇ ಯಾರು ಯಾರು ಕೊಯ್ಲಿಗೆ ಹೋಗುತ್ತೀರಿ, ಯಾವಾಗ ವಾಪಸ್ ಬರುತ್ತೀರಿ ಅಂತ ಕೇಳಿ ಬರೆದುಕೊಂಡು, ಜನವರಿ ಫೆಬ್ರವರಿಯಲ್ಲಿ 30 ಜನ ಮಾತ್ರ ಅಂತ ಕಂಪನಿಗೆ ಮೊದಲೇ ತಿಳಿಸಿದ್ದರು. ಹೇಳದೆ ಕಡಿಮೆಯಾದ ಹತ್ತು ಜನ ದೊಡ್ಡ ಗಲಾಟೆ, ಒಂದು ತಿಂಗಳು ಮುಂಚೆ ಹೇಳಿದ ಹತ್ತು ಜನ ಪ್ಲಾನಿಂಗ್‌ನವರಿಗೆ ಒಂದು ಮೀಟಿಂಗ್ ಅಷ್ಟೆ. 11ರಲ್ಲಿ 8 ಜನ ಮಾರ್ಚಿನಲ್ಲಿ ವಾಪಸ್ ಬಂದರು, ಹಳೇ ಯುಎಎನ್‌ನಲ್ಲೇ ಮುಂದುವರಿದರು.

ಈ ನಡುವೆ ಕಂಪನಿ ಗೋದಾಮಿಗೆ 8 ಜನ ಲೋಡಿಂಗ್ ಹುಡುಗರನ್ನೂ ಕೇಳಿತು. ಸ್ಥಳೀಯ ಹುಡುಗರು ಸಿಗಲಿಲ್ಲ. ಒಬ್ಬ ಮೇಸ್ತ್ರಿ ಬಂದು, ಜಾರ್ಖಂಡಿನಿಂದ ತರಿಸುತ್ತೇನೆ, ಮುಂಗಡ ಕೊಡಿ, ಮಿಕ್ಕಿದ್ದು ನನಗೆ ಬಿಡಿ ಅಂದ. ಬೇರೆ ರಾಜ್ಯದ ಐದು ಅಥವಾ ಹೆಚ್ಚು ಜನರನ್ನು ತರುವ ಗುತ್ತಿಗೆದಾರರಿಗೆ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಬೇರೆ ಲೈಸೆನ್ಸ್ ಬೇಕಿತ್ತು. ಬರುವ ಹೋಗುವ ಖರ್ಚು, ತಿಂಗಳ ಸಂಬಳದ ಅರ್ಧದಷ್ಟು ಸ್ಥಳಾಂತರ ಭತ್ಯೆ, ಉಳಿಯಲು ಸರಿಯಾದ ಜಾಗ ಕೊಡಬೇಕಿತ್ತು. ಇದನ್ನೆಲ್ಲ ಸೇರಿಸಿ ಮೇಡಂ ದರ ಕೊಟ್ಟರು, ಕಂಪನಿಗೆ ಹೆಚ್ಚಾಯಿತು. ಮೇಸ್ತ್ರಿ ಇನ್ನೊಬ್ಬ ಗುತ್ತಿಗೆದಾರನ ಮೂಲಕ ಹುಡುಗರನ್ನು ತಂದ. ಎಂಟು ಜನಕ್ಕೆ ಶೀಟಿನ ಒಂದೇ ಕೋಣೆ. ಬಂದ ರೈಲಿನ ಟಿಕೆಟ್ ದುಡ್ಡನ್ನೂ ಮೊದಲ ಸಂಬಳದಲ್ಲಿ ಮುರಿದಿದ್ದಾರೆ ಅಂತ ಅವರಲ್ಲೊಬ್ಬ ಹರಕುಮುರುಕು ಕನ್ನಡದಲ್ಲಿ ನನಗೆ ಹೇಳಿದ. ಪ್ಯಾಕಿಂಗ್ ವಿಭಾಗದಲ್ಲಿ ಚಲನ್ ಇಲ್ಲದೆ ಬಿಲ್ ಪಾಸು ಮಾಡದ ಅದೇ ಕಂಪನಿ, ಗೋಡೆಯಾಚೆಯ ಗೋದಾಮಿನಲ್ಲಿ ಇದನ್ನು ಕಂಡೂ ಕಾಣದಂತೆ ಇತ್ತು. ಹೆಚ್‌ಆರ್‌ಗೆ ನಾನು ಬರೆದುಕೊಟ್ಟೆ. ಟಿಕೆಟ್ ದುಡ್ಡು ವಾಪಸಾಯಿತು, ಕೋಣೆ ಬದಲಾಗಲಿಲ್ಲ.

ಬಾಕಿ, ನವೀಕರಣ, ಹೊಸ ಕಾನೂನು

ಫೆಬ್ರವರಿಯಲ್ಲಿ ಕಂಪನಿಯ ಎರಡು ಬಿಲ್ ನಿಂತವು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದದ್ದು ಆಗ ಉಪಯೋಗಕ್ಕೆ ಬಂತು. ನೋಂದಾಯಿತ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಕರಾರಿನ ಗಡುವಿನೊಳಗೆ, ಅದೂ 45 ದಿನ ಮೀರದಂತೆ ದುಡ್ಡು ಕೊಡದಿದ್ದರೆ, ಕೊಡುವವರೆಗೂ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ ಎಂಬ ನಿಯಮ 2023ರ ಹಣಕಾಸು ಕಾಯ್ದೆಯಿಂದ ಬಂದಿದೆ. ಬಾಕಿ ಮಾರ್ಚ್ 31 ದಾಟಿದರೆ ತೆರಿಗೆ ಅವರ ತಲೆಗೇ. ಉದ್ಯಮ್ ಸಂಖ್ಯೆ ನಮೂದಿಸಿ ಅಕೌಂಟ್ಸ್‌ಗೆ ನಾಲ್ಕು ಸಾಲಿನ ಮೇಲ್ ಹಾಕಿದೆವು. ಜಗಳವಿಲ್ಲದೆ ಎರಡೂ ಬಿಲ್ ಪಾಸಾದವು. ಸಣ್ಣ ಏಜೆನ್ಸಿಯವರು ಈ ಸಂಖ್ಯೆಯನ್ನು ಮೊದಲ ಬಿಲ್ಲಿನಿಂದಲೇ ಹಾಕಬೇಕು. ಆಮೇಲೆ ನೆನಪಿಸಿಕೊಂಡರೆ ಅಷ್ಟು ಬಲ ಇರುವುದಿಲ್ಲ.

ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಏರುತ್ತದೆ. ಏರಿದಷ್ಟೂ ಬಿಲ್ಲಿಗೆ ತಾನಾಗಿ ಸೇರಬೇಕು ಅಂತ ಮೊದಲ ಕರಾರಿನಲ್ಲೇ ಬರೆಸಿದ್ದರಿಂದ 2025ರ ನವೀಕರಣದಲ್ಲಿ ಆ ಮಾತು ಬರಲಿಲ್ಲ. ಸರ್ವಿಸ್ ಚಾರ್ಜ್ ಆರಕ್ಕೆ ಇಳಿಸಿ ಅಂತ ಕಂಪನಿ ಕೇಳಿತು. ಮೇಡಂ ಹಾಜರಿ ಪುಸ್ತಕ ತೆಗೆದು ತೋರಿಸಿದರು: ಮೊದಲ ತಿಂಗಳು ಸೇರಿ ಉಳಿದ 17 ಜನರಲ್ಲಿ 14 ಮಂದಿ ಇನ್ನೂ ಕೆಲಸದಲ್ಲಿದ್ದರು. ಏಳು ಹಾಗೇ ಉಳಿಯಿತು. ಅಡವಿಟ್ಟ ಒಡವೆ ಆ ಮೇ ತಿಂಗಳಲ್ಲಿ ಬಿಡಿಸಿಕೊಂಡರು. ಮ್ಯಾನೇಜರ್ ಬೇರೆ ಘಟಕಕ್ಕೆ ಹೋದಾಗ ಅಲ್ಲಿಂದಲೂ ಕರೆ ಬಂತು, ಈಗ ಅಲ್ಲಿ ಇವರ 22 ಜನ ಇದ್ದಾರೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ, ಮೇಲೆ ಹೇಳಿದ 1970ರ ಮತ್ತು 1979ರ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ. ಗುತ್ತಿಗೆ ಲೈಸೆನ್ಸಿನ ಮಿತಿ 20ರಿಂದ 50 ಜನಕ್ಕೆ ಏರಿದೆ. ಒಟ್ಟು ಜನ ಐವತ್ತು ಮುಟ್ಟದಿದ್ದರೆ, 40 ಜನರ ಈ ಆರ್ಡರನ್ನು ಇವತ್ತು ಲೈಸೆನ್ಸ್ ಇಲ್ಲದೆಯೇ ಹಿಡಿಯಬಹುದು. ಕಾಗದದ ಹೊರೆ ಇಳಿಯಿತು ಅಂತ ಏಜೆನ್ಸಿಯವರು ಸಂತೋಷಪಟ್ಟರು. ನನಗೆ ಚಿಂತೆಯಾಗಿದೆ. ಹಾಸನದಂಥ ಊರಿನಲ್ಲಿ ಹೆಚ್ಚಿನ ಆರ್ಡರುಗಳು ಐವತ್ತರ ಕೆಳಗೇ ಇರುತ್ತವೆ, ಮತ್ತು 3,000 ಇಸಿದುಕೊಂಡು ಜನ ತುಂಬುವವನಿಗೆ ಲೈಸೆನ್ಸ್ ಕಚೇರಿಯ ಒಂದು ಮೆಟ್ಟಿಲು ಹತ್ತುವ ಕೆಲಸವೂ ಈಗ ತಪ್ಪಿದೆ. ಸಂಬಳ ಬಾಕಿಯಾದರೆ ಮೂಲ ಮಾಲೀಕರು ಕೊಡಬೇಕೆಂಬ ಹೊಣೆ ಹೊಸ ಸಂಹಿತೆಯಲ್ಲೂ ಇದೆ. ಹಾಗಾಗಿ ಈಗ ನನ್ನ ಹತ್ತಿರ ಬರುವ ಕಂಪನಿಯವರಿಗೆ ಎರಡು ಕಾಗದ ಕೇಳಿ ಅಂತ ಹೇಳುತ್ತಿದ್ದೇನೆ: ಏಜೆಂಟರ ಹೋದ ತಿಂಗಳ ಪಿಎಫ್ ಚಲನ್, ಮತ್ತು ಆರು ತಿಂಗಳ ಹಿಂದೆ ಅವರು ಸೇರಿಸಿದವರಲ್ಲಿ ಇನ್ನೂ ಉಳಿದವರ ಹೆಸರಿನ ಪಟ್ಟಿ.